ಬೆಳಕಿನ ಕಂಪನಕ್ಕೊಂದು ಕಡಿವಾಣ

ಬೆಳಕಿನ ತರಂಗದಲ್ಲಿ ವಿದ್ಯುತ್ ಕ್ಷೇತ್ರವು ಚಲನೆಯ ದಿಕ್ಕಿಗೆ ಅಡ್ಡವಾಗಿ ಕಂಪಿಸುತ್ತದೆ. ಬಿಸಿಲಿನಲ್ಲಿ ಈ ಕಂಪನ ಎಲ್ಲ ಅಡ್ಡ ದಿಕ್ಕುಗಳಿಗೂ ಹಂಚಿಹೋಗಿದ್ದರೆ, ಒಂದೇ ದಿಕ್ಕಿಗೆ ಕಟ್ಟುಬಿದ್ದ ಬೆಳಕನ್ನು ಧ್ರುವೀಕೃತ ಬೆಳಕು ಎನ್ನುತ್ತಾರೆ. ಹರಿಹರದ ಬಳಿ ತುಂಗಭದ್ರೆಯ ನೀರಿನಿಂದ ಪ್ರತಿಫಲಿಸಿ ಕಣ್ಣು ಕುಕ್ಕುವ ಬೆಳಕು ಬಹುಮಟ್ಟಿಗೆ ಹೀಗೆ ಧ್ರುವೀಕರಣಗೊಂಡಿರುವುದರಿಂದಲೇ ಪೋಲರಾಯ್ಡ್ ಕನ್ನಡಕ ಅದನ್ನು ತಡೆಯಬಲ್ಲದು.

ಕಂಪ್ಯೂಟರ್ ಚಿಪ್ಪುಗಳ ತಯಾರಿಕೆಯಲ್ಲಿ ಇದೇ ಗುಣ ನಿರ್ಣಾಯಕವಾಗುತ್ತದೆ. ಮಾಸ್ಕ್ ಎಂಬ ಫಲಕದ ಮೇಲಿನ ವಿನ್ಯಾಸವನ್ನು ಮಸೂರಗಳ ಮೂಲಕ ಕುಗ್ಗಿಸಿ, ಬೆಳಕಿಗೆ ಸ್ಪಂದಿಸುವ ರೆಸಿಸ್ಟ್ ಲೇಪಿಸಿದ ಸಿಲಿಕಾನ್ ಬಿಲ್ಲೆಯ ಮೇಲೆ ಮೂಡಿಸುವ ವಿಧಾನವೇ ಲಿಥೋಗ್ರಫಿ. ಇದರ ಒಂದು ಮುಖ್ಯ ಬಗೆಯಲ್ಲಿ 193 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ಲೇಸರ್ ಬಳಸಿ, ಕೊನೆಯ ಮಸೂರಕ್ಕೂ ಬಿಲ್ಲೆಗೂ ನಡುವೆ ಶುದ್ಧ ನೀರನ್ನು ತುಂಬುತ್ತಾರೆ. ಆಗ ಕಿರಣಗಳು ಹೆಚ್ಚು ಓರೆಯಾಗಿ ಬಂದು ಕೂಡಿ, ಇನ್ನೂ ಸಣ್ಣ ಗೆರೆಗಳನ್ನು ಬರೆಯುತ್ತವೆ.

ಆದರೆ ಓರೆ ಹೆಚ್ಚಿದಂತೆ ತೊಡಕೂ ಹೆಚ್ಚುತ್ತದೆ. ಎರಡು ಕಿರಣಗಳ ಕಂಪನ ಗೆರೆಗೆ ಸಮಾನಾಂತರವಾಗಿದ್ದರೆ ಅವು ಪೂರ್ಣವಾಗಿ ಬೆರೆತು ಕಪ್ಪು-ಬಿಳುಪು ಪಟ್ಟೆ ಸ್ಪಷ್ಟವಾಗುತ್ತದೆ. ಕಂಪನ ಕಿರಣಗಳೆರಡೂ ಇರುವ ಸಮತಲದಲ್ಲಿಯೇ ಇದ್ದು, ರೆಸಿಸ್ಟ್‌ನೊಳಗೆ ಅವುಗಳ ನಡುವಿನ ಕೋನ 90 ಡಿಗ್ರಿ ಆದರೆ ಪಟ್ಟೆಯೇ ಅಳಿಸಿಹೋಗುತ್ತದೆ. ಆದ್ದರಿಂದ ತರಂಗ ಫಲಕಗಳೆಂಬ ಸ್ಫಟಿಕದ ಹಲ್ಲೆಗಳಿಂದ ಕಂಪನವನ್ನು ಬೇಕಾದ ದಿಕ್ಕಿಗೆ ತಿರುಗಿಸಿ, ಗೆರೆಗೆ ತಕ್ಕ ಬೆಳಕನ್ನು ಕಳುಹಿಸಬೇಕಾಗುತ್ತದೆ.

ಹೀಗೆ ಹದಗೊಳಿಸಿದ ಧ್ರುವೀಕರಣವನ್ನು ಮಸೂರಗಳೇ ಕೆಡಿಸಬಲ್ಲವು. ಒತ್ತಡಕ್ಕೆ ಸಿಕ್ಕಿದ ಗಾಜಿನಲ್ಲಿ ಕಂಪನದ ದಿಕ್ಕಿಗನುಗುಣವಾಗಿ ಬೆಳಕಿನ ವೇಗ ಬೇರೆಯಾಗುತ್ತದೆ, ಇದು ದ್ವಿವಕ್ರೀಭವನ. ಈ ದೋಷದಿಂದ ಮುಕ್ತವೆಂದು ಭಾವಿಸಲಾಗಿದ್ದ ಕ್ಯಾಲ್ಸಿಯಂ ಫ್ಲೋರೈಡ್ ಸ್ಫಟಿಕದಲ್ಲೂ ಕಡಿಮೆ ತರಂಗಾಂತರದಲ್ಲಿ ಅದು ಸಹಜವಾಗಿಯೇ ಇದೆಯೆಂದು ಅಮೆರಿಕದ ಜಾನ್ ಬರ್ನೆಟ್ ಮತ್ತು ಸಂಗಡಿಗರು 2001ರಲ್ಲಿ ತೋರಿಸಿದ ಮೇಲೆ, ಸ್ಫಟಿಕಗಳನ್ನು ಪರಸ್ಪರ ತಿರುಗಿಸಿ ಜೋಡಿಸಿ ಒಂದರ ದೋಷವನ್ನು ಇನ್ನೊಂದರಿಂದ ತಗ್ಗಿಸುವ ಉಪಾಯ ಮುನ್ನೆಲೆಗೆ ಬಂತು.

ಈ ಬಗೆಯ ಚಿಂತನೆಗೆ ಕರ್ನಾಟಕದಲ್ಲಿ ಹಳೆಯ ಬೇರುಗಳಿವೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದ ಎಸ್. ಪಂಚರತ್ನಂ, ಹಲವು ಬಣ್ಣಗಳಿಗೆ ಒಟ್ಟಿಗೆ ಹೊಂದುವ ತರಂಗ ಫಲಕಗಳ ಜೋಡಣೆಯನ್ನು 1955ರಲ್ಲಿ ವಿವರಿಸಿದರು. ಬೇರೆ ಬೇರೆ ರೀತಿಯಲ್ಲಿ ಧ್ರುವೀಕೃತವಾದ ಕಿರಣಗಳು ಬೆರೆಯುವ ಬಗೆಯನ್ನು 1956ರಲ್ಲಿ, ತಮ್ಮ 22ನೆಯ ವಯಸ್ಸಿನಲ್ಲಿ, ವಿಶ್ಲೇಷಿಸಿದರು.

ಮೂಲ ತತ್ವವನ್ನು ನೋಡಲು ದುಬಾರಿ ಯಂತ್ರ ಬೇಕಿಲ್ಲ. ಎಲ್‌ಸಿಡಿ ಪರದೆಯ ಮುಂದೆ ಪಾರದರ್ಶಕ ಪ್ಲಾಸ್ಟಿಕ್ ಸ್ಕೇಲ್ ಹಿಡಿದು ಪೋಲರಾಯ್ಡ್ ಹಾಳೆಯನ್ನು ತಿರುಗಿಸುತ್ತಾ ನೋಡಿದರೆ, ಅಚ್ಚು ಹಾಕುವಾಗ ಉಳಿದ ಒತ್ತಡ ಬಣ್ಣದ ಪಟ್ಟೆಗಳಾಗಿ ಕಾಣುತ್ತದೆ. ಚಿಪ್ ಉದ್ಯಮದತ್ತ ಕಣ್ಣಿಟ್ಟಿರುವ ದಾವಣಗೆರೆಯ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಸರ್ಕ್ಯೂಟ್ ವಿನ್ಯಾಸದೊಂದಿಗೆ ಈ ದೃಗ್ವಿಜ್ಞಾನವನ್ನೂ ಕಲಿಯುವುದು ಒಳಿತು.