ಲೆಕ್ಕದ ಮುಂದೆ ಪಟ್ಟು ಹಿಡಿದು ಕೂರುವುದು

ಮನೆಲೆಕ್ಕ ಒಂದನ್ನು ಬಿಡಿಸಲು ಎಷ್ಟು ಹೊತ್ತು ಬೇಕು? ಅಮೆರಿಕದ ಗಣಿತ ಶಿಕ್ಷಣ ಸಂಶೋಧಕ ಅಲನ್ ಶೋನ್‌ಫೆಲ್ಡ್ 1980ರ ದಶಕದಲ್ಲಿ ಪ್ರೌಢಶಾಲೆಯ ಮಕ್ಕಳನ್ನು ಹೀಗೆ ಕೇಳಿದರು. ಬಂದ ಉತ್ತರಗಳ ಸರಾಸರಿ ಸುಮಾರು 2 ನಿಮಿಷ. ಎಷ್ಟು ಹೊತ್ತು ಕೂತರೂ ಬಾರದಿದ್ದರೆ ಕೈಬಿಡುತ್ತೀರಿ ಎಂದಾಗ, ಸುಮಾರು 12 ನಿಮಿಷ. ಈ ಮಕ್ಕಳು ಸೋಮಾರಿಗಳೇನಲ್ಲ. ಅವರು ಕಂಡ ಲೆಕ್ಕಗಳೆಲ್ಲ ಆಗಷ್ಟೇ ಕಲಿಸಿದ ಸೂತ್ರ ಹಾಕಿದರೆ ಮುಗಿಯುವಂಥವು. ಸಿಕ್ಕಿಕೊಂಡು, ಒದ್ದಾಡಿ, ಹೊರಬರುವ ರೂಢಿಯೇ ಅವರಿಗೆ ಆಗಿರಲಿಲ್ಲ.

ಭಯವೂ ಕೈ ಕಟ್ಟುತ್ತದೆ. 47ಕ್ಕೆ 28 ಕೂಡುವಾಗ ಏಳೂ ಎಂಟೂ ಹದಿನೈದು. ಐದು ಬರೆದು, ದಶಕ ಒಂದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹೀಗೆ ಹಿಡಿದಿಟ್ಟುಕೊಳ್ಳುವ ತಾತ್ಕಾಲಿಕ ನೆನಪಿನಲ್ಲಿ ಜಾಗ ತೀರಾ ಕಡಿಮೆ. ‘ತಪ್ಪಾದರೆ ಮೇಷ್ಟ್ರು ಏನನ್ನುತ್ತಾರೋ’ ಎಂಬ ಚಿಂತೆಯೂ ಅಲ್ಲೇ ಬಂದು ಕೂರುತ್ತದೆ. ಗಣಿತದ ಅಂಜಿಕೆಯಿರುವ ಕಾಲೇಜು ವಿದ್ಯಾರ್ಥಿಗಳು ದಶಕ ಬರುವ ಕೂಡುವ ಲೆಕ್ಕಗಳಲ್ಲೇ ಎಡವುತ್ತಾರೆ, ನೆನಪಿನ ಮೇಲೆ ಹೊರೆ ಹೆಚ್ಚಿದಷ್ಟೂ ಹೆಚ್ಚು ಎಡವುತ್ತಾರೆ ಎಂದು ಸಂಶೋಧಕರಾದ ಮಾರ್ಕ್ ಆಶ್‌ಕ್ರಾಫ್ಟ್ ಮತ್ತು ಎಲಿಜಬೆತ್ ಕರ್ಕ್ 2001ರಲ್ಲಿ ತೋರಿಸಿದರು. ದಡ್ಡತನವೆಂದು ನಾವು ಬೈಯುವುದು ಎಷ್ಟೋ ಸಲ ಈ ಇಕ್ಕಟ್ಟನ್ನೇ.

ಹಾಗಾದರೆ ಪಟ್ಟು ಹಿಡಿಯುವುದನ್ನು ಕಲಿಸಬಹುದೇ? ಶಿಕ್ಷಣ ಸಂಶೋಧಕ ಮನು ಕಪೂರ್ ಸಿಂಗಪುರದ ಶಾಲೆಗಳಲ್ಲಿ ಮಾಡಿದ ಪ್ರಯೋಗ ನನಗೆ ಬಹಳ ಹಿಡಿಸಿದೆ. ಮಕ್ಕಳ ಮುಂದೆ ಮೂವರು ಫುಟ್‌ಬಾಲ್ ಆಟಗಾರರು ವರ್ಷವರ್ಷ ಹೊಡೆದ ಗೋಲುಗಳ ಪಟ್ಟಿ ಇಟ್ಟು, ಯಾರ ಆಟ ಹೆಚ್ಚು ಸ್ಥಿರ ಎಂದು ಅಳೆಯುವ ದಾರಿ ನೀವೇ ಹುಡುಕಿ ಎಂದರು. ಇದನ್ನು ಅಳೆಯುವ ಮಾನಕ ವಿಚಲನೆಯ ಪಾಠ ಇನ್ನೂ ಆಗಿರಲಿಲ್ಲ. ಕೆಲವರು ನಕ್ಷೆ ಬಿಡಿಸಿದರು, ಕೆಲವರು ವರ್ಷದಿಂದ ವರ್ಷಕ್ಕೆ ಆದ ಏರಿಳಿತ ಕೂಡಿದರು. ಸರಾಸರಿಯಿಂದ ಎಷ್ಟು ದೂರ ಎಂದು ನೋಡೋಣವೆಂದರೆ ಅಲ್ಲೊಂದು ತೊಡಕಿದೆ: 10, 14, 18ರ ಸರಾಸರಿ 14, ವ್ಯತ್ಯಾಸಗಳು −4, 0, +4, ಕೂಡಿದರೆ ಸೊನ್ನೆ! ಸರಿಯಾದ ಸೂತ್ರ ಯಾರಿಗೂ ಹೊಳೆಯಲಿಲ್ಲ. ಆಮೇಲೆ ಪಾಠವಾಯಿತು. ಈ ತೊಡಕಿಗೆ ಮುಗ್ಗರಿಸಿದ ಮಗುವಿಗೆ ವ್ಯತ್ಯಾಸವನ್ನು ವರ್ಗ ಮಾಡುವುದೇಕೆ ಎಂಬುದು ತಟ್ಟನೆ ಅರ್ಥವಾಗುತ್ತದೆ. ಮೊದಲೇ ಪಾಠ ಕೇಳಿದ ಇನ್ನೊಂದು ಗುಂಪಿನವರೂ, ಮೊದಲು ತಾವೇ ಹುಡುಕಿದ ಇವರೂ ಸೂತ್ರ ಹಾಕುವುದರಲ್ಲಿ ಸರಿಸಮ. ಅರ್ಥ ಮಾಡಿಕೊಳ್ಳುವುದರಲ್ಲಿ, ಹೊಸ ಲೆಕ್ಕಕ್ಕೆ ಕೈಹಾಕುವುದರಲ್ಲಿ ಇವರೇ ಮುಂದು.

‘ಆಮೇಲೆ ಪಾಠವಾಯಿತು’ ಎಂಬುದನ್ನು ಮರೆಯಬಾರದು: ಒದ್ದಾಟದ ನಂತರ ನೆರವು ಬಂತು. ಇಂಗ್ಲೆಂಡಿನ ಗಣಿತ ಶಿಕ್ಷಣ ಸಂಶೋಧಕರಾದ ಸ್ಯೂ ಜಾನ್‌ಸ್ಟನ್-ವೈಲ್ಡರ್ ಮತ್ತು ಕ್ಲೇರ್ ಲೀ ಗಣಿತದಲ್ಲಿನ ಗಟ್ಟಿತನವನ್ನು ವಿವರಿಸುವಾಗ, ನೆರವು ಎಲ್ಲಿ ಸಿಗುತ್ತದೆಂದು ತಿಳಿದಿರುವುದನ್ನೂ ಅದರಲ್ಲಿ ಸೇರಿಸುತ್ತಾರೆ. ನನ್ನ ಮಟ್ಟಿಗೆ ಅದೇ ಮುಖ್ಯ.

ಮೊದಲು ಒದ್ದಾಟ, ಆಮೇಲೆ ಪಾಠ ಎಂಬ ವಿಧಾನದ 53 ಅಧ್ಯಯನಗಳನ್ನು ಕಪೂರ್ ಮತ್ತು ತನ್ಮಯ್ ಸಿನ್ಹಾ 2021ರಲ್ಲಿ ಒಟ್ಟಿಗೆ ತೂಗಿದಾಗ, 2ರಿಂದ 5ನೇ ತರಗತಿಯ ಮಕ್ಕಳಲ್ಲಿ ಈ ವಿಧಾನದಿಂದ ಅಷ್ಟು ಫಲ ಕಾಣಲಿಲ್ಲ. ಕಾರಣ ಊಹಿಸಬಹುದು. ಮಗ್ಗಿ, ಸ್ಥಾನಬೆಲೆ ಗಟ್ಟಿಯಾಗದ ಮಗುವಿನ ಬಳಿ ಪ್ರಯತ್ನಕ್ಕೆ ಬೇಕಾದ ಸರಕೇ ಇರುವುದಿಲ್ಲ. ಒಂಬತ್ತನೇ ತರಗತಿಯಲ್ಲಿ ಪೆನ್ನು ಕೆಳಗಿಟ್ಟು ಕೂತ ಹುಡುಗನಿಗೂ ‘ಇನ್ನೊಮ್ಮೆ ಮಾಡು’ ಎನ್ನುವ ಮೊದಲು, ಭಾಗಾಕಾರ, ಭಿನ್ನರಾಶಿ ಯಾವ ಹಂತದಲ್ಲಿ ಕೈತಪ್ಪಿತು ಎಂದು ಯಾರಾದರೂ ಪಕ್ಕದಲ್ಲಿ ಕೂತು ನೋಡಬೇಕು.