ಮೋಡದ ದಿನ, ಹೂವಿನ ಸಂತೆ

ನನ್ನ ಮದುವೆಯ ಆಲ್ಬಮ್ಮಿನಲ್ಲಿ ಅಮ್ಮನೂ ನಾನೂ ಒಟ್ಟಿಗೆ ನಿಂತ ಫೋಟೋ ಒಂದೇ ಒಂದು. ಮಟಮಟ ಮಧ್ಯಾಹ್ನ ಅಂಗಳದಲ್ಲಿ ತೆಗೆದದ್ದು. ಅಮ್ಮನ ಕಣ್ಣಿನ ಕೆಳಗೆ ಕಪ್ಪು ನೆರಳು, ಹೆಗಲಿಗೆ ಇಳಿದ ಮಲ್ಲಿಗೆ ಸುಣ್ಣದ ಮುದ್ದೆ! ಒಂದು ಮೊಗ್ಗೂ ಬೇರೆಯಾಗಿ ಕಾಣುವುದಿಲ್ಲ. ಅಮ್ಮ ಈಗ ಇಲ್ಲ.

ಸೋದರಿಯರೇ, ನಾನು ಹೈಸ್ಕೂಲು ಮುಗಿಸಿ ಅಡಿಗೆಮನೆ ಸೇರಿದವಳು. ಮಗ ತನ್ನ ಹಳೇ ಮೊಬೈಲು ಕೊಟ್ಟ ಮೇಲೆ ಫೋಟೋದ ಹುಚ್ಚು ಹಿಡಿಯಿತು. ಕಳೆದ ಸೋಣ ತಿಂಗಳ ಒಂದು ಸೋಮವಾರ, ಹೊಸ್ತಿಲು ಪೂಜೆಗೆ ಹೂ ಬೇಕೆಂಬ ನೆಪ ಮಾಡಿ, ಮರ್ಕಂಜದಿಂದ ಸುಳ್ಯ, ಅಲ್ಲಿಂದ ಬಸ್ಸು ಬದಲಿಸಿ ಪುತ್ತೂರಿನ ಕಿಲ್ಲೆ ಮೈದಾನದ ಸಂತೆಗೆ ಹೋದೆ. ಆಕಾಶ ಪೂರಾ ಬೂದಿ ಬಣ್ಣ. ‘ಬಿಸಿಲೇ ಇಲ್ಲ, ಎಂಥ ಫೋಟೋ ಮಾರಾಯ್ತಿ’ ಅಂತ ನೀವೂ ಹೇಳುತ್ತಿದ್ದಿರಿ. ಆದರೆ ಹೂವಿಗೆ ಅದೇ ಒಳ್ಳೆಯದು. ಮೋಡ ಎಂದರೆ ಬಿಸಿಲಿಗೆ ಹಿಡಿದ ತೆಳು ಬಿಳಿ ವಸ್ತ್ರ. ಬೆಳಕು ಎಲ್ಲಾ ಕಡೆಯಿಂದ ಮೆಲ್ಲಗೆ ಬೀಳುತ್ತದೆ, ಗಟ್ಟಿ ನೆರಳು ಬೀಳುವುದಿಲ್ಲ, ಎಸಳಿನ ಮಡಿಕೆ ಮಡಿಕೆಯೂ ಕಾಣುತ್ತದೆ.

ಘಟ್ಟದ ಮೇಲಿಂದ ಬಂದ ಸೇವಂತಿಗೆ ರಾಶಿ, ಅಬ್ಬಲಿಗೆ, ಹಿಂಗಾರ. ಒಂದು ಬುಟ್ಟಿಯಲ್ಲಿ ಬಾಳೆಲೆಯ ಮೇಲೆ ಶಂಕರಪುರ ಮಲ್ಲಿಗೆ. 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ, ನಿಮಗೆ ಗೊತ್ತೇ ಉಂಟಲ್ಲ! ಮೊದಲ ಫೋಟೋದಲ್ಲಿ ಮಲ್ಲಿಗೆ ನೀಲಿ ನೀಲಿ ಬಂತು. ಕಾರಣ ಹುಡುಕಿದರೆ, ತಲೆಯ ಮೇಲೆ ಕಟ್ಟಿದ ನೀಲಿ ಟಾರ್ಪಾಲು! ಬುಟ್ಟಿಯನ್ನು ಒಂದು ಮೊಳ ಹೊರಗೆ ಎಳೆದದ್ದೇ, ಹೂವು ತನ್ನ ಬಣ್ಣಕ್ಕೆ ಬಂತು.

ಇನ್ನೊಂದು ಸಂಗತಿ. ಕಪ್ಪು ಬುಟ್ಟಿಯಲ್ಲಿ ಸ್ವಲ್ಪವೇ ಬಿಳಿ ಹೂವಿದ್ದರೆ ಕ್ಯಾಮೆರಾ ಎಲ್ಲವನ್ನೂ ಬೆಳಗಿಸಲು ಹೋಗಿ ಹೂವನ್ನೇ ಸುಟ್ಟುಬಿಡುತ್ತದೆ. ಪರದೆಯ ಮೇಲೆ ಹೂವನ್ನು ಮುಟ್ಟಿ, ಬೆಳಕಿನ ಗುರುತನ್ನು ತುಸು ಕೆಳಗೆ ಎಳೆಯಿರಿ. ಇಡೀ ಚಿತ್ರವೇ ಬಿಳಿ ಸೇವಂತಿಗೆಯಾದರೆ ತಿರುಗಾ ಮುರುಗಾ, ಮಂಕು ಬರುತ್ತದೆ, ಸ್ವಲ್ಪ ಮೇಲೆ ಎಳೆಯಬೇಕು. ಕೆಂಪು ಗುಲಾಬಿಗೂ ಬೆಳಕು ಕಡಿಮೆಯೇ ಲೇಸು, ಇಲ್ಲದಿದ್ದರೆ ಎಸಳೆಲ್ಲ ಒಂದೇ ಕೆಂಪು ಕಲೆ. ಫ್ಲಾಷ್ ಬೇಡವೇ ಬೇಡ. ಬಿಳುಚಿದ ಆಕಾಶವನ್ನೂ ಚಿತ್ರದೊಳಗೆ ಸೇರಿಸಬೇಡಿ. ಬೆಳಕು ಕಡಿಮೆಯಾದ್ದರಿಂದ ಕೈ ನಡುಗಿದರೆ ಚಿತ್ರ ಕದಡುತ್ತದೆ, ಮೊಣಕೈ ಸೊಂಟಕ್ಕೆ ಒತ್ತಿ ಹಿಡಿಯಿರಿ. ಮಳೆಗಾಲದ ತೇವಕ್ಕೆ ಗಾಜು ಮಂಜಾಗುತ್ತದೆ, ಸೆರಗಿನ ಒಣ ತುದಿ ಯಾಕಿದೆ ಮತ್ತೆ?

ಕೇಳದೆ ಮಾತ್ರ ತೆಗೆಯಬೇಡಿ. ವ್ಯಾಪಾರದ ಹೊತ್ತಿನಲ್ಲಿ ಅಡ್ಡ ನಿಂತರೆ ಯಾರಿಗೆ ಸಿಟ್ಟು ಬರುವುದಿಲ್ಲ? ನಾನು ಒಂದು ಚೆಂಡು ಕೊಂಡೇ ಕೇಳಿದ್ದು. ಹೂ ಮಾರುವ ಅಜ್ಜಿ ನಕ್ಕು, ‘ಹೂವಿನದ್ದು ಸಾಕಾ? ನನ್ನದೂ ಒಂದು ತೆಗಿ’ ಅಂದಳು. ಟಾರ್ಪಾಲಿನ ಅಂಚಿಗೆ ಕೂರಿಸಿ ತೆಗೆದೆ. ಮುಖದ ಒಂದೊಂದು ಗೆರೆ, ತುರುಬಿನ ಒಂದೊಂದು ಮೊಗ್ಗು, ಎಲ್ಲವೂ ಬಂದಿತ್ತು. ನನಗೆ ಅಮ್ಮನ ನೆನಪಾಗಿ ಮಾತೇ ಹೊರಡಲಿಲ್ಲ.

ಮುಂದಿನ ಸೋಮವಾರ ಪ್ರಿಂಟು ಹಾಕಿಸಿ ಕೊಟ್ಟೆ. ‘ಹೂವು ಚಂದ ಬಂದಿದೆ, ನಾನೇ ಮುದುಕಿ’ ಅಂತ ಅಂದು, ಎರಡು ಸಲ ನೋಡಿ, ದುಡ್ಡಿನ ಡಬ್ಬಿಯ ತಳಕ್ಕೆ ಇಟ್ಟುಕೊಂಡಳು.