ರಿಪೇರಿಯ ಬಿಲ್ಲು ನ್ಯಾಯವೇ?

ಆಳಂದ, ಅಫಜಲಪುರ, ಜೇವರ್ಗಿಗಳ ಕಾರು ಮಾಲಿಕರು ಕಂಪನಿಯ ಸರ್ವಿಸಿಗಾಗಿ ಸಾಮಾನ್ಯವಾಗಿ ಕಲಬುರಗಿಯ ದಾರಿ ಹಿಡಿಯುತ್ತಾರೆ. ಸಂಜೆ ಕೈಗೆ ಬಂದ ಬಿಲ್ಲಿನ ಒಟ್ಟು ಮೊತ್ತ ಕಂಡು ಮುಖ ಬಾಡುವುದುಂಟು. ಆದರೆ ನ್ಯಾಯಾನ್ಯಾಯವನ್ನು ತಿಳಿಯಬೇಕಾದರೆ ಮೇಲಿನ ಸಾಲುಗಳನ್ನು ಒಂದೊಂದಾಗಿ ಓದಬೇಕು.

ಮೊದಲು ನೋಡತಕ್ಕದ್ದು ಬಿಡಿಭಾಗಗಳ ಬೆಲೆ. ಪೊಟ್ಟಣದ ಮೇಲೆ ಅಚ್ಚಾದ ಗರಿಷ್ಠ ಮಾರಾಟ ಬೆಲೆಯಲ್ಲಿ ಎಲ್ಲ ತೆರಿಗೆಗಳೂ ಅಡಕವಾಗಿರುತ್ತವೆ. 590 ರೂಪಾಯಿ ಅಚ್ಚಾದ ಭಾಗಕ್ಕೆ ಬಿಲ್ಲಿನಲ್ಲಿ 500 ರೂಪಾಯಿ ಬೆಲೆ, ಶೇಕಡಾ 18ರಂತೆ 90 ರೂಪಾಯಿ ಜಿ.ಎಸ್‌.ಟಿ. ಎಂದಿದ್ದರೆ ಸರಿ. 590ರ ಮೇಲೆಯೇ ತೆರಿಗೆ ಹೇರಿದರೆ 696 ರೂಪಾಯಿ 20 ಪೈಸೆಯಾಗುತ್ತದೆ, ಅದು ಸಲ್ಲದು. ಕೆಲವು ಭಾಗಗಳಿಗಿದ್ದ ಶೇಕಡಾ 28ರ ದರವೂ 2025ರ ಸೆಪ್ಟೆಂಬರ್ 22ರಿಂದ 18ಕ್ಕೆ ಇಳಿದಿದೆ. ಕೂಲಿಯ ಮೇಲೆ ತೆರಿಗೆ ಬೇರೆಯಾಗಿ ಬೀಳುವುದು ಮಾತ್ರ ಕ್ರಮವೇ.

ಏರ್ ಫಿಲ್ಟರಿನ ವಿಷಯದಲ್ಲಿ ಅವಸರದ ಅನುಮಾನ ಬೇಡ. ಎರೆಹೊಲಗಳ ದಾರಿಯಲ್ಲಿ, ಅದರಲ್ಲೂ ತೊಗರಿ ರಾಶಿಯ ದಿನಗಳಲ್ಲಿ, ಅದು ಕೈಪಿಡಿ ಹೇಳಿದ್ದಕ್ಕಿಂತ ಬೇಗ ಧೂಳು ತುಂಬಿಕೊಳ್ಳುತ್ತದೆ. ಕಳಚಿದ ಹಳೆಯ ಫಿಲ್ಟರನ್ನು ಕೇಳಿ ನೋಡಿದರೆ ಸತ್ಯ ತಿಳಿಯುತ್ತದೆ. ಬ್ರೇಕ್ ಪ್ಯಾಡಿಗೂ ಇದೇ ಪರೀಕ್ಷೆ. "ಇಂಜಿನ್ ಡ್ರೆಸ್ಸಿಂಗ್"ನಂಥ ಹೊಳಪಿನ ಸಾಲುಗಳ ಮಾತೇ ಬೇರೆ. ಜಾಬ್ ಕಾರ್ಡಿನಲ್ಲಿ ಒಪ್ಪಿರದಿದ್ದರೆ ಅವನ್ನು ತೆಗೆಯಿಸಬೇಕು.

ಮಾತಿನಿಂದ ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. 2019ರ ಕಾಯಿದೆಯಂತೆ ಕಲಬುರಗಿಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ತೆತ್ತ ಹಣ 5 ಲಕ್ಷ ಮೀರದಿದ್ದರೆ ಶುಲ್ಕವಿಲ್ಲ. ಬಿಲ್ಲಿನೊಡನೆ ಜಾಬ್ ಕಾರ್ಡನ್ನೂ ಜೋಪಾನವಾಗಿ ಇಟ್ಟಿರಬೇಕು.